ಯಾರ್ಕ್‌ಟೌನಿನ ಕಾರ್ನ್‌ವಾಲಿಸ್, ಶ್ರೀರಂಗಪಟ್ಟಣದ ಕಾರ್ನ್‌ವಾಲಿಸ್

ಕಾರ್ನ್‌ವಾಲಿಸ್ ಎಂಬ ಹೆಸರು ನಮ್ಮ ಮಕ್ಕಳ ಕಿವಿಗೆ ಎರಡು ಸಲ ಬೀಳುತ್ತದೆ. ಅಮೆರಿಕದ ಸ್ವಾತಂತ್ರ್ಯ ಸಮರದ ಪಾಠದ ಕೊನೆಯಲ್ಲಿ, 1781ರಲ್ಲಿ ಯಾರ್ಕ್‌ಟೌನಿನಲ್ಲಿ ಶರಣಾದವನಾಗಿ ಒಮ್ಮೆ. ಭಾರತದ ಇತಿಹಾಸದಲ್ಲಿ, 1792ರಲ್ಲಿ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿ ಟಿಪ್ಪುವಿನ ಇಬ್ಬರು ಮಕ್ಕಳನ್ನು ಒತ್ತೆಯಾಳುಗಳಾಗಿ ಕೊಂಡುಹೋದವನಾಗಿ ಇನ್ನೊಮ್ಮೆ. ಆ ಇಬ್ಬರೂ ಒಬ್ಬನೇ ಅಂತ ಹೇಳಿದರೆ ತರಗತಿಯಲ್ಲಿ ಯಾರಾದರೊಬ್ಬರು "ಹೌದಾ ಸರ್?" ಅಂತ ಕೇಳಿಯೇ ಕೇಳುತ್ತಾರೆ. ಮಕ್ಕಳ ತಪ್ಪಲ್ಲ. ಒಂದು ಪಾಠ ಪ್ರಪಂಚದ ಇತಿಹಾಸ, ಇನ್ನೊಂದು ಭಾರತದ ಇತಿಹಾಸ. ನಾವು ಗಡಿಯ ಈಚೆಗಿನ ಕನ್ನಡಿಗರಿಗಂತೂ ಇನ್ನೂ ಒಂದು ಗೆರೆ ಉಂಟು. ಮಾಹೆ, ಕಣ್ಣೂರು ಎಂದರೆ ಮಲಬಾರಿನ ಕಥೆ. ಮಂಗಳೂರು, ಶ್ರೀರಂಗಪಟ್ಟಣ ಎಂದರೆ ಕರ್ನಾಟಕದ ಕಥೆ. ನಡುವಿನ ಕಾಸರಗೋಡಿನಲ್ಲಿ ಕೂತು ಪಾಠ ಮಾಡುವವನಿಗೆ ಇದೆಲ್ಲ ಒಂದೇ ಯುದ್ಧದ ತುಂಡುಗಳಾಗಿ ಕಾಣಿಸತೊಡಗಿದರೆ ಆಶ್ಚರ್ಯವೇನು? ಆ ಯುದ್ಧದ ಮುಖ್ಯ ಕದನಗಳನ್ನು ಇಲ್ಲಿ ಬರೆದಿದ್ದೇನೆ. ಪರೀಕ್ಷೆಗೆ ಬೇಕಾದ ಇಸವಿಗಳೂ ಇವೆ, ಪರೀಕ್ಷೆಗೆ ಬಾರದ ಸಂಗತಿಗಳೂ ಇವೆ.

ಹಿನ್ನೆಲೆ ಚುಟುಕಾಗಿ. 1756ರಿಂದ 1763ರ ವರೆಗೆ ಫ್ರೆಂಚರೊಡನೆ ನಡೆದ ಸಪ್ತವಾರ್ಷಿಕ ಯುದ್ಧದಲ್ಲಿ ಬ್ರಿಟನ್ ಗೆದ್ದಿತು, ಆದರೆ ಸಾಲದಲ್ಲಿ ಮುಳುಗಿತು. ಆ ಸಾಲದ ಒಂದು ಪಾಲನ್ನು ಅಮೆರಿಕದ ವಸಾಹತುಗಳ ಮೇಲೆ ತೆರಿಗೆಯಾಗಿ ಹಾಕಹೊರಟಿತು. 1765ರ ಸ್ಟಾಂಪ್ ಕಾಯ್ದೆ, ಆಮೇಲೆ ಚಹಾದ ಮೇಲಿನ ಸುಂಕ. 1773ರ ಡಿಸೆಂಬರ್ 16ರ ರಾತ್ರಿ ಬಾಸ್ಟನ್ ಬಂದರಿನಲ್ಲಿ 342 ಪೆಟ್ಟಿಗೆ ಚಹಾ ಸಮುದ್ರಕ್ಕೆ ಬಿತ್ತು. ಆ ಚಹಾ ಯಾರದ್ದು ಗೊತ್ತೆ? ನಮ್ಮನ್ನು ಆಳಿದ ಅದೇ ಈಸ್ಟ್ ಇಂಡಿಯಾ ಕಂಪೆನಿಯದ್ದು. (ಅಂದಹಾಗೆ ಅದು ಚೀನಾದ ಚಹಾ. ಅಸ್ಸಾಮಿನ ತೋಟಗಳು ಹುಟ್ಟಲು ಇನ್ನೂ ಅರವತ್ತು ವರ್ಷ ಬಾಕಿ ಇತ್ತು.)

ಮೊದಲ ಗುಂಡು ಹಾರಿದ್ದು 1775ರ ಏಪ್ರಿಲ್ 19ರ ಬೆಳಗಿನ ಜಾವ, ಲೆಕ್ಸಿಂಗ್ಟನ್ ಎಂಬ ಹಳ್ಳಿಯ ಬಯಲಿನಲ್ಲಿ. ಕಾಂಕರ್ಡ್ ಎಂಬಲ್ಲಿ ವಸಾಹತಿನವರು ಕೂಡಿಟ್ಟ ಮದ್ದುಗುಂಡುಗಳನ್ನು ವಶಪಡಿಸಿಕೊಳ್ಳಲು ಸುಮಾರು 700 ಮಂದಿ ಬ್ರಿಟಿಷ್ ಸೈನಿಕರು ಬಾಸ್ಟನ್‌ನಿಂದ ರಾತ್ರಿಯೇ ಹೊರಟಿದ್ದರು. ಬಯಲಿನಲ್ಲಿ ಎದುರು ನಿಂತವರು ಎಂಬತ್ತು ಮಂದಿಯೂ ಇರಲಿಲ್ಲ. ಗುಂಡು ಮೊದಲು ಹಾರಿಸಿದ್ದು ಯಾರು ಎಂಬುದು ಇವತ್ತಿಗೂ ಇತ್ಯರ್ಥವಾಗಿಲ್ಲ. ಎಂಟು ಮಂದಿ ವಸಾಹತಿನವರು ಸತ್ತರು. ಕಥೆ ಇಲ್ಲಿಗೇ ಮುಗಿದಿದ್ದರೆ ಅದೊಂದು ಸಣ್ಣ ಗಲಭೆಯಾಗಿ ಮರೆತುಹೋಗುತ್ತಿತ್ತು. ಆದರೆ ಕಾಂಕರ್ಡ್‌ನಿಂದ ಬಾಸ್ಟನ್‌ಗೆ ಹಿಂದಿರುಗುವ ದಾರಿ ಸುಮಾರು 30 ಕಿಲೋಮೀಟರ್. ಆ ದಾರಿಯುದ್ದಕ್ಕೂ ಕಲ್ಲಿನ ಕಟ್ಟೆ, ಮರ, ಮನೆಗಳ ಮರೆಯಿಂದ ಊರೂರಿನ ರೈತರು ಗುಂಡು ಹಾರಿಸಿದರು. ಸಂಜೆಯ ಹೊತ್ತಿಗೆ ಸತ್ತವರು, ಗಾಯಗೊಂಡವರು, ಕಾಣೆಯಾದವರು ಸೇರಿ ಬ್ರಿಟಿಷರ ನಷ್ಟ 273.

ಎರಡು ತಿಂಗಳ ನಂತರ, ಜೂನ್ 17ರಂದು, ಬಂಕರ್ ಹಿಲ್ ಕದನ. ಹೆಸರು ಬಂಕರ್ ಹಿಲ್, ನಡೆದದ್ದು ಮಾತ್ರ ಬಹುಪಾಲು ಪಕ್ಕದ ಬ್ರೀಡ್ಸ್ ಹಿಲ್ ಎಂಬ ಗುಡ್ಡದಲ್ಲಿ. ಬ್ರಿಟಿಷರು ಸಾಲುಕಟ್ಟಿ ಗುಡ್ಡ ಹತ್ತಿದರು, ಎರಡು ಸಲ ಹಿಂದೆ ಬಿದ್ದರು. ಮೂರನೆಯ ಸಲ ಮೇಲಿದ್ದವರ ಮದ್ದು ಮುಗಿದಿತ್ತು. ಗುಡ್ಡ ಬ್ರಿಟಿಷರ ಕೈಸೇರಿತು. ಪುಸ್ತಕದಲ್ಲಿ ಇದು ಬ್ರಿಟಿಷರ ಗೆಲುವು. ಆದರೆ ಗೆಲುವಿನ ಬೆಲೆ 226 ಸಾವು, ಎಂಟು ನೂರಕ್ಕೂ ಹೆಚ್ಚು ಗಾಯಾಳುಗಳು. ಸೋತವರ ಕಡೆ ಸತ್ತವರು, ಗಾಯಗೊಂಡವರು, ಸೆರೆಸಿಕ್ಕವರು ಎಲ್ಲ ಸೇರಿ ಸುಮಾರು 450. ಈ ಲೆಕ್ಕವನ್ನು ಮಕ್ಕಳು ನೆನಪಿಟ್ಟುಕೊಳ್ಳಬೇಕು. ಯಾಕೆಂದರೆ ಈ ಯುದ್ಧದಲ್ಲಿ "ಗೆದ್ದದ್ದು ಯಾರು?" ಎಂಬ ಬಿಟ್ಟ ಸ್ಥಳ ತುಂಬಿಸುವ ಪ್ರಶ್ನೆ ಮತ್ತೆ ಮತ್ತೆ ನಮ್ಮನ್ನು ದಾರಿ ತಪ್ಪಿಸುತ್ತದೆ.

ಜಾರ್ಜ್ ವಾಷಿಂಗ್ಟನ್ ಸೇನಾಪತಿಯಾಗಿ ಬಂದದ್ದು ಇದರ ನಂತರ. ಬಾಸ್ಟನ್ ಅವನಿಗೆ ದಕ್ಕಿದ್ದು ದೊಡ್ಡ ಕದನದಿಂದಲ್ಲ. ಹೆನ್ರಿ ನಾಕ್ಸ್ ಎಂಬ ಯುವಕ, ವೃತ್ತಿಯಲ್ಲಿ ಪುಸ್ತಕದಂಗಡಿಯವನು, ಟೈಕಾಂಡೆರೋಗ ಕೋಟೆಯ ಫಿರಂಗಿಗಳನ್ನು ಹಿಮದ ಮೇಲೆ ಜಾರುಬಂಡಿಗಳಲ್ಲಿ ಎತ್ತುಗಳಿಂದಲೂ ಕುದುರೆಗಳಿಂದಲೂ ಎಳೆಸಿಕೊಂಡು ನೂರಾರು ಕಿಲೋಮೀಟರ್ ದೂರದಿಂದ ತಂದ. ಅವನ್ನು ಊರಿನ ಮೇಲಿನ ಗುಡ್ಡದಲ್ಲಿ ಹೂಡಿದ್ದೇ ತಡ, 1776ರ ಮಾರ್ಚ್ 17ರಂದು ಬ್ರಿಟಿಷರು ಹಡಗು ಹತ್ತಿ ಬಾಸ್ಟನ್ ಬಿಟ್ಟರು. ಪುಸ್ತಕ ಮಾರುವವನು ತೋಪು ಹೂಡಲು ಕಲಿತದ್ದು ಹೇಗೆ ಅಂದರೆ, ತನ್ನ ಅಂಗಡಿಯಲ್ಲಿದ್ದ ಯುದ್ಧದ ಪುಸ್ತಕಗಳನ್ನು ಓದಿ! ಶಾಲೆಯ ಲೈಬ್ರರಿಗೆ ಬೀಗ ಹಾಕುವ ನಮ್ಮಂಥವರಿಗೆ ಈ ಒಂದು ವಿಷಯ ಸಾಕು.

ಜುಲೈ 4ರಂದು ಸ್ವಾತಂತ್ರ್ಯ ಘೋಷಣೆ. ಪಾಠದಲ್ಲಿ ಇದು ಗೆಲುವಿನ ಹಾಗೆ ಕೇಳುತ್ತದೆ, ಆದರೆ ನಿಜವಾದ ಸಂಕಟ ಶುರುವಾದದ್ದೇ ಆಮೇಲೆ. ಅದೇ ಬೇಸಿಗೆಯಲ್ಲಿ ನ್ಯೂಯಾರ್ಕಿನ ಮುಂದೆ ಬ್ರಿಟಿಷರ ನೂರಾರು ಹಡಗುಗಳು ಬಂದು ನಿಂತವು. ಮೂವತ್ತು ಸಾವಿರದಷ್ಟು ಸೈನಿಕರು. ಅವರಲ್ಲಿ ಜರ್ಮನಿಯ ಸಣ್ಣ ರಾಜ್ಯಗಳಿಂದ ಬಾಡಿಗೆಗೆ ತಂದ ಹೆಸ್ಸಿಯನ್ ದಳಗಳೂ ಇದ್ದವು. ಆಗಸ್ಟ್ 27ರ ಲಾಂಗ್ ಐಲೆಂಡ್ ಕದನದಲ್ಲಿ ವಾಷಿಂಗ್ಟನ್ ಕಾಯದೆ ಬಿಟ್ಟ ಒಂದು ಕಣಿವೆದಾರಿಯಿಂದ ಸುತ್ತಿಬಂದ ಬ್ರಿಟಿಷರು ಅವನ ಸೈನ್ಯವನ್ನು ಹಿಂಬದಿಯಿಂದ ಹೊಡೆದರು. ಹಿಂದೆ ನದಿ, ಮುಂದೆ ವೈರಿ. ಅಲ್ಲಿಗೆ ಯುದ್ಧ ಮುಗಿಯಬೇಕಿತ್ತು. ಆದರೆ ಆಗಸ್ಟ್ 29ರ ರಾತ್ರಿ ಮಾರ್ಬಲ್‌ಹೆಡ್ ಊರಿನ ಬೆಸ್ತರ ದಳವೊಂದು ಸದ್ದಿಲ್ಲದೆ ದೋಣಿ ಹುಟ್ಟುಹಾಕಿ ಸುಮಾರು 9,000 ಮಂದಿಯನ್ನು ಆಚೆ ದಡಕ್ಕೆ ಮುಟ್ಟಿಸಿತು. ಬೆಳಗಾದಾಗ ಇನ್ನೂ ಕೆಲವರು ಉಳಿದಿದ್ದರು, ಪುಣ್ಯಕ್ಕೆ ದಟ್ಟ ಮಂಜು ಕವಿದಿತ್ತು. ನಮ್ಮ ಕಡಲತೀರದ ಮಕ್ಕಳಿಗೆ ಈ ಭಾಗ ಹೇಳುವಾಗ ತರಗತಿಯೇ ಬೇರೆಯಾಗಿರುತ್ತದೆ. ಸೈನ್ಯವನ್ನು ಉಳಿಸಿದ್ದು ಮೀನು ಹಿಡಿಯುವವರು ಅಂದರೆ ಹಿಂದಿನ ಬೆಂಚೂ ನೆಟ್ಟಗೆ ಕೂರುತ್ತದೆ.

ನನ್ನ ಲೆಕ್ಕದಲ್ಲಿ ಇಡೀ ಯುದ್ಧದ ಅತಿ ಮುಖ್ಯ ರಾತ್ರಿ ಅದೇ. ವಾಷಿಂಗ್ಟನ್ ಗೆದ್ದ ಕದನಗಳಿಗಿಂತ ಸೋತವು ಹೆಚ್ಚು. ಅವನು ಮಾಡಿದ ದೊಡ್ಡ ಕೆಲಸವೆಂದರೆ ಸೈನ್ಯ ಪೂರ್ತಿ ಅಳಿದುಹೋಗದ ಹಾಗೆ ನೋಡಿಕೊಂಡದ್ದು. ಊರುಗಳನ್ನು ಬಿಟ್ಟುಕೊಟ್ಟ, ದಂಡನ್ನು ಬಿಟ್ಟುಕೊಡಲಿಲ್ಲ.

ಆ ವರ್ಷದ ಡಿಸೆಂಬರಿನ ಹೊತ್ತಿಗೆ ಉಳಿದಿದ್ದ ದಂಡಾದರೂ ಎಷ್ಟು? ಕೆಲವೇ ಸಾವಿರ, ಅವರಲ್ಲೂ ಅನೇಕರ ಕರಾರು ವರ್ಷದ ಕೊನೆಗೆ ಮುಗಿಯುವಂಥದ್ದು. ಕ್ರಿಸ್ಮಸ್ ರಾತ್ರಿ ಹಿಮಗಡ್ಡೆ ತೇಲುತ್ತಿದ್ದ ಡೆಲಾವೇರ್ ನದಿಯನ್ನು 2,400 ಮಂದಿಯೊಂದಿಗೆ ದಾಟಿ ವಾಷಿಂಗ್ಟನ್ ಮರುದಿನ ಬೆಳಿಗ್ಗೆ ಟ್ರೆಂಟನ್‌ನಲ್ಲಿದ್ದ ಹೆಸ್ಸಿಯನ್ನರ ಮೇಲೆ ಬಿದ್ದ. ಸುಮಾರು 900 ಮಂದಿ ಸೆರೆಯಾದರು. ದೋಣಿ ನಡೆಸಿದವರು ಮತ್ತೆ ಅದೇ ಮಾರ್ಬಲ್‌ಹೆಡ್‌ನವರು.

ಇಲ್ಲಿ ನಮ್ಮ ಕಾರ್ನ್‌ವಾಲಿಸ್ ಪ್ರವೇಶ. ಕಾಯಿಲೆಯಲ್ಲಿದ್ದ ಹೆಂಡತಿಯನ್ನು ನೋಡಲು ರಜೆ ಪಡೆದು ಇಂಗ್ಲೆಂಡಿಗೆ ಹೊರಟು ನಿಂತಿದ್ದವನ ರಜೆ ಟ್ರೆಂಟನ್‌ನ ಸುದ್ದಿಯಿಂದ ರದ್ದಾಯಿತು. 1777ರ ಜನವರಿ 2ರ ಸಂಜೆ ಅವನು ವಾಷಿಂಗ್ಟನ್‌ನನ್ನು ಒಂದು ತೋಡಿನ ಆಚೆ ಕಟ್ಟಿಹಾಕಿದ. ಬೆಳಿಗ್ಗೆ ಹಿಡಿಯೋಣವೆಂದು ಮಲಗಿದ. ಆಚೆ ದಡದಲ್ಲಿ ರಾತ್ರಿಯಿಡೀ ಬೆಂಕಿಗಳು ಉರಿಯುತ್ತಿದ್ದವು, ಗುದ್ದಲಿ ಸದ್ದು ಕೇಳುತ್ತಿತ್ತು. ಬೆಳಗಾದಾಗ ಬೆಂಕಿ ಮಾತ್ರ ಇತ್ತು, ಸೈನ್ಯ ಇರಲಿಲ್ಲ. ಅದು ಬಳಸುದಾರಿಯಲ್ಲಿ ಹೋಗಿ ಅವನ ಬೆನ್ನ ಹಿಂದಿನ ಪ್ರಿನ್ಸ್‌ಟನ್‌ನಲ್ಲಿ ಇನ್ನೊಂದು ಕದನ ಗೆದ್ದಿತ್ತು.

ಇನ್ನು ಸಾರಟೋಗ. ಈ ಯುದ್ಧದ ತಿರುವು ಎಂದು ಎಲ್ಲ ಪುಸ್ತಕಗಳೂ ಹೇಳುತ್ತವೆ, ಸರಿಯಾಗಿಯೇ ಹೇಳುತ್ತವೆ. ಕೆನಡಾದಿಂದ ಬರ್ಗೋಯ್ನ್ ಎಂಬ ಸೇನಾಪತಿ ದಕ್ಷಿಣಕ್ಕಿಳಿದು ಹಡ್ಸನ್ ನದಿಯ ಉದ್ದಕ್ಕೂ ಬ್ರಿಟಿಷರ ಹಿಡಿತ ಕೂರಿಸಿದರೆ ವಸಾಹತುಗಳು ಎರಡು ಹೋಳಾಗುತ್ತವೆ ಎಂಬುದು ಯೋಜನೆ. ನ್ಯೂಯಾರ್ಕಿನಲ್ಲಿದ್ದ ಹೌ ಅವನ ಸಹಾಯಕ್ಕೆ ಹೋಗುವ ಬದಲು ಸಮುದ್ರದ ದಾರಿ ಹಿಡಿದು ಫಿಲಡೆಲ್ಫಿಯ ಗೆಲ್ಲಲು ಹೋದ. (ಗೆದ್ದ ಕೂಡಾ. ಬ್ರಾಂಡಿವೈನ್, ಜರ್ಮನ್‌ಟೌನ್ ಎರಡರಲ್ಲೂ ವಾಷಿಂಗ್ಟನ್ ಸೋತ.) ಬರ್ಗೋಯ್ನ್ ಮಾತ್ರ ಕಾಡಿನಲ್ಲಿ ದಾರಿ ಕಡಿದುಕೊಳ್ಳುತ್ತಾ, ಮೂಟೆಗಳನ್ನು ಎಳೆಯುತ್ತಾ ತೆವಳಿದ. ದಿನಸಿಗೆಂದು ಬೆನ್ನಿಂಗ್ಟನ್ ಕಡೆಗೆ ಕಳಿಸಿದ ದಳ ಆಗಸ್ಟ್ 16ರಂದು ನಾಶವಾಯಿತು. ಸೆಪ್ಟೆಂಬರ್ 19 ಮತ್ತು ಅಕ್ಟೋಬರ್ 7ರ ಎರಡು ಕದನಗಳಲ್ಲಿ ಅವನ ಸೈನ್ಯ ಸವೆಯಿತು. 1777ರ ಅಕ್ಟೋಬರ್ 17ರಂದು ಐದೂವರೆ ಸಾವಿರಕ್ಕೂ ಹೆಚ್ಚು ಮಂದಿಯೊಂದಿಗೆ ಶರಣಾದ.

ಎರಡನೆಯ ಕದನದಲ್ಲಿ ಕಾಲಿಗೆ ಗುಂಡು ತಾಗಿಸಿಕೊಂಡು ಹೋರಾಡಿದವನು ಬೆನೆಡಿಕ್ಟ್ ಅರ್ನಾಲ್ಡ್. ಅವನೇ 1780ರಲ್ಲಿ ಬ್ರಿಟಿಷರ ಕಡೆ ಸೇರಿದ. ಸಾರಟೋಗದಲ್ಲಿ ಅವನಿಗೊಂದು ಸ್ಮಾರಕವಿದೆ. ಅದರಲ್ಲಿ ಕಲ್ಲಿನ ಬೂಟು ಮಾತ್ರ ಇದೆ, ಹೆಸರಿಲ್ಲ.

ಸಾರಟೋಗದ ಸುದ್ದಿ ಪ್ಯಾರಿಸ್ ತಲುಪಿದಾಗ ಫ್ರಾನ್ಸ್ ಮನಸ್ಸು ಮಾಡಿತು. 1778ರ ಫೆಬ್ರವರಿ 6ರಂದು ಅಮೆರಿಕನ್ನರೊಂದಿಗೆ ಒಪ್ಪಂದ. ಮರುವರ್ಷ ಸ್ಪೇನ್, 1780ರ ಕೊನೆಗೆ ಡಚ್ಚರು. ಹದಿಮೂರು ವಸಾಹತುಗಳ ದಂಗೆ ಅಲ್ಲಿಂದ ನಾಲ್ಕು ಸಮುದ್ರಗಳ ಯುದ್ಧವಾಯಿತು. ಕೆರೆಬಿಯನ್ ದ್ವೀಪಗಳು, ಜಿಬ್ರಾಲ್ಟರ್... ಮತ್ತೆ ನಮ್ಮ ಕರಾವಳಿ.

ಕಾಸರಗೋಡಿನಲ್ಲಿ ರೈಲು ಹತ್ತಿದರೆ ಕಣ್ಣೂರು, ತಲಶ್ಶೇರಿ ದಾಟಿ ಸಿಗುವ ಸಣ್ಣ ನಿಲ್ದಾಣ ಮಾಹೆ. ಈಗ ಪುದುಚೇರಿಗೆ ಸೇರಿದ ತುಂಡು ಊರು, ಆಗ ಫ್ರೆಂಚರ ಬಂದರು. ಹೈದರಾಲಿಗೆ ಯುದ್ಧ ಸಾಮಗ್ರಿ ಬರುತ್ತಿದ್ದ ಬಾಗಿಲುಗಳಲ್ಲಿ ಇದೂ ಒಂದು. ಫ್ರಾನ್ಸಿನ ಮೇಲೆ ಯುದ್ಧ ಎಂದಾಕ್ಷಣ ಕಂಪೆನಿಯವರು 1778ರಲ್ಲಿ ಪುದುಚೇರಿಯನ್ನೂ, 1779ರ ಮಾರ್ಚಿನಲ್ಲಿ ಮಾಹೆಯನ್ನೂ ಹಿಡಿದರು. ಮಾಹೆ ತನ್ನ ರಕ್ಷಣೆಯಲ್ಲಿದೆ, ಮುಟ್ಟಬೇಡಿ ಎಂದು ಹೈದರ್ ಮೊದಲೇ ಎಚ್ಚರಿಸಿದ್ದ. ಎರಡನೆಯ ಮೈಸೂರು ಯುದ್ಧಕ್ಕೆ ಬೇರೆ ಕಾರಣಗಳೂ ಇದ್ದವು, ಕಿಡಿ ಮಾತ್ರ ಇಲ್ಲಿಯದು. 1780ರ ಸೆಪ್ಟೆಂಬರ್ 10ರಂದು ಕಾಂಚೀಪುರದ ಹತ್ತಿರ ಪೊಳ್ಳಿಲೂರಿನಲ್ಲಿ ಕರ್ನಲ್ ಬೇಯ್ಲಿಯ ಸೈನ್ಯವನ್ನು ಹೈದರ್ ಮತ್ತು ಟಿಪ್ಪು ಪುಡಿಮಾಡಿದರು. ಶ್ರೀರಂಗಪಟ್ಟಣದ ದರಿಯಾ ದೌಲತ್ ಗೋಡೆಯ ಮೇಲೆ ಚಿತ್ರವಾಗಿರುವುದು ಅದೇ ಕದನ. ಶಾಲಾ ಪ್ರವಾಸದಲ್ಲಿ ಮಕ್ಕಳಿಗೆ ಅದರ ಮುಂದೆ ಎರಡು ನಿಮಿಷ ಹೆಚ್ಚು ಕೊಡಿ.

ಅಮೆರಿಕನ್ನರಿಗೂ ಹೈದರನ ಹೆಸರು ಗೊತ್ತಿತ್ತು. ಪೆನ್ಸಿಲ್ವೇನಿಯ ರಾಜ್ಯ ತನ್ನ ಒಂದು ಯುದ್ಧನೌಕೆಗೆ ಇಟ್ಟ ಹೆಸರು 'ಹೈದರ್ ಆಲಿ'. 1782ರ ಏಪ್ರಿಲ್ 8ರಂದು ಜೋಶುವಾ ಬಾರ್ನಿ ಎಂಬ ಕ್ಯಾಪ್ಟನ್ ಈ ಹಡಗಿನಲ್ಲಿ ಹೋಗಿ ತನ್ನದಕ್ಕಿಂತ ಬಲವಾದ 'ಜನರಲ್ ಮಂಕ್' ಎಂಬ ಬ್ರಿಟಿಷ್ ನೌಕೆಯನ್ನು ಡೆಲಾವೇರ್ ಕೊಲ್ಲಿಯಲ್ಲಿ ಸೆರೆಹಿಡಿದ. ಬೂದಿಕೋಟೆಯಲ್ಲಿ ಹುಟ್ಟಿದವನ ಹೆಸರು ಅಲ್ಲಿಯ ತನಕ ಹೋಗಿತ್ತು ನೋಡಿ!

ಪೊಳ್ಳಿಲೂರು ನಡೆದ ಅದೇ 1780 ಅಮೆರಿಕನ್ನರಿಗೆ ಅತ್ಯಂತ ಕೆಟ್ಟ ವರ್ಷ. ಬ್ರಿಟಿಷರು ಯುದ್ಧವನ್ನು ದಕ್ಷಿಣದ ವಸಾಹತುಗಳಿಗೆ ಒಯ್ದಿದ್ದರು. ಮೇ 12ರಂದು ಚಾರ್ಲ್ಸ್‌ಟನ್ ಬಿತ್ತು. ಬೆಂಜಮಿನ್ ಲಿಂಕನ್‌ನ ಐದು ಸಾವಿರದಷ್ಟು ಸೈನ್ಯ ಸೆರೆಯಾಯಿತು. ಮರ್ಯಾದೆಯಿಂದ ಬಾವುಟ ಬಿಚ್ಚಿಕೊಂಡು ಹೊರಬರಲೂ ಅವರಿಗೆ ಬ್ರಿಟಿಷರು ಬಿಡಲಿಲ್ಲ. ಆಗಸ್ಟ್ 16ರಂದು ಕ್ಯಾಮ್ಡೆನ್‌ನಲ್ಲಿ ಕಾರ್ನ್‌ವಾಲಿಸ್ ಇನ್ನೊಂದು ಸೈನ್ಯವನ್ನು ಚಿಂದಿ ಮಾಡಿದ. ಆ ಸೈನ್ಯದ ನಾಯಕ, ಸಾರಟೋಗದ ವೀರ ಗೇಟ್ಸ್, ಕುದುರೆಯೇರಿ ಮೂರು ದಿನಗಳಲ್ಲಿ ಮುನ್ನೂರು ಕಿಲೋಮೀಟರಿನಷ್ಟು ದೂರ ಓಡಿದ್ದ.

ದಕ್ಷಿಣದ ಈ ಯುದ್ಧ ಅಣ್ಣತಮ್ಮಂದಿರ ಯುದ್ಧವೂ ಹೌದು. ಅಕ್ಟೋಬರ್ 7ರ ಕಿಂಗ್ಸ್ ಮೌಂಟನ್ ಕದನದಲ್ಲಿ ಬ್ರಿಟಿಷರ ಪರ ಹೋರಾಡಿದ್ದ ಸಾವಿರದಷ್ಟು ಮಂದಿಯೂ ಅಮೆರಿಕದವರೇ, ನಾಯಕ ಫರ್ಗ್ಯುಸನ್ ಒಬ್ಬನನ್ನು ಬಿಟ್ಟು. 'ಅಮೆರಿಕನ್ನರು ಬ್ರಿಟಿಷರ ವಿರುದ್ಧ' ಎಂಬ ಒಂದು ವಾಕ್ಯದಲ್ಲಿ ಇದು ಹಿಡಿಸುವುದಿಲ್ಲ. ಇನ್ನೂ ಹಿಡಿಸದವರು ಕಪ್ಪು ಗುಲಾಮರು. 1775ರ ನವೆಂಬರಿನಲ್ಲೇ ವರ್ಜೀನಿಯದ ಬ್ರಿಟಿಷ್ ಗವರ್ನರ್ ಡನ್ಮೋರ್, ದಂಗೆಯೆದ್ದ ಒಡೆಯರನ್ನು ಬಿಟ್ಟುಬಂದು ನಮ್ಮ ಪರ ಹೋರಾಡುವ ಗುಲಾಮರಿಗೆ ಬಿಡುಗಡೆ ಎಂದು ಸಾರಿದ್ದ. ಸಾವಿರಾರು ಮಂದಿ ಓಡಿಬಂದರು. ಸುಮಾರು ಐದು ಸಾವಿರ ಕಪ್ಪುಜನರು ಅಮೆರಿಕನ್ನರ ಪರವಾಗಿಯೂ ಹೋರಾಡಿದರು. ಅವರವರಿಗೆ ಎಲ್ಲಿ ಬಿಡುಗಡೆ ಕಂಡಿತೋ ಅಲ್ಲಿಗೆ ಹೋದರು. 1779ರಲ್ಲಿ ವಾಷಿಂಗ್ಟನ್ ಕಳಿಸಿದ ದಂಡು ಇರೊಕ್ವಾ ಮೂಲನಿವಾಸಿಗಳ ನಲವತ್ತು ಹಳ್ಳಿಗಳನ್ನು ಸುಟ್ಟು, ನಿಂತ ಪೈರನ್ನೂ ನಾಶಮಾಡಿತು ಎಂಬುದನ್ನೂ ಇದೇ ಪಾಠದಲ್ಲಿ ಹೇಳಬೇಕು.

ಗೇಟ್ಸ್‌ನ ಜಾಗಕ್ಕೆ ಬಂದ ನಥಾನಿಯಲ್ ಗ್ರೀನ್ ಒಂದೇ ಒಂದು ದೊಡ್ಡ ಕದನವನ್ನೂ ಪೂರ್ತಿಯಾಗಿ ಗೆಲ್ಲಲಿಲ್ಲ, ಆದರೂ ದಕ್ಷಿಣವನ್ನು ಗೆದ್ದ. ಅವನ ಕೈಕೆಳಗಿನ ಮಾರ್ಗನ್ 1781ರ ಜನವರಿ 17ರಂದು ಕೌಪೆನ್ಸ್ ಎಂಬ ದನದ ಬಯಲಿನಲ್ಲಿ ಬ್ರಿಟಿಷರ ಒಂದು ದಳವನ್ನು ಮುಗಿಸಿದ್ದ. ಸಿಟ್ಟಿಗೆದ್ದ ಕಾರ್ನ್‌ವಾಲಿಸ್, ವೇಗವಾಗಿ ಹೋಗಬೇಕೆಂದು ತನ್ನದೇ ಬಂಡಿ, ಡೇರೆಗಳನ್ನು ಸುಟ್ಟುಹಾಕಿ ಗ್ರೀನ್‌ನ ಬೆನ್ನಟ್ಟಿದ. ಮಾರ್ಚ್ 15ರಂದು ಗಿಲ್ಫರ್ಡ್ ಕೋರ್ಟ್‌ಹೌಸಿನಲ್ಲಿ ಗೆದ್ದ ಕೂಡಾ. ಆದರೆ ಎರಡು ಸಾವಿರದಷ್ಟಿದ್ದ ಅವನ ಸೈನ್ಯದಲ್ಲಿ ಐನೂರಕ್ಕೂ ಹೆಚ್ಚು ಮಂದಿ ಸತ್ತರು ಅಥವಾ ಗಾಯಗೊಂಡರು. ಬಂಕರ್ ಹಿಲ್‌ನ ಲೆಕ್ಕವೇ ಮತ್ತೆ. ಇಂಥ ಇನ್ನೊಂದು ಗೆಲುವು ಸಿಕ್ಕಿದರೆ ನಮ್ಮ ಸೈನ್ಯ ಮುಗಿದಂತೆಯೇ ಎಂದು ಬ್ರಿಟಿಷ್ ಪಾರ್ಲಿಮೆಂಟಿನಲ್ಲೇ ಮಾತು ಬಂತು.

ಉಳಿದ ಸೈನ್ಯದೊಂದಿಗೆ ಅವನು ವರ್ಜೀನಿಯಕ್ಕೆ ಹೋಗಿ, ಸಮುದ್ರದಿಂದ ಸಹಾಯ ಬರಲು ಅನುಕೂಲವೆಂದು ಯಾರ್ಕ್‌ಟೌನ್ ಬಂದರಿನಲ್ಲಿ ನೆಲೆನಿಂತ. ಸಮುದ್ರದಿಂದ ಬಂದದ್ದು ಫ್ರೆಂಚರು. ಸೆಪ್ಟೆಂಬರ್ 5ರಂದು ಚೆಸಪೀಕ್ ಕೊಲ್ಲಿಯ ಬಾಯಲ್ಲಿ ದ ಗ್ರಾಸ್‌ನ 24 ಹಡಗುಗಳು ಬ್ರಿಟಿಷರ 19 ಹಡಗುಗಳನ್ನು ತಡೆದು ಹಿಂದಕ್ಕಟ್ಟಿದವು. ಆ ಕದನದಲ್ಲಿ ಒಬ್ಬ ಅಮೆರಿಕನ್ ನಾಯಕನೂ ಇರಲಿಲ್ಲ, ಆದರೆ ಅಮೆರಿಕದ ಸ್ವಾತಂತ್ರ್ಯ ತೀರ್ಮಾನವಾದದ್ದು ಬಹುಮಟ್ಟಿಗೆ ಅಲ್ಲಿ. ಅಷ್ಟರಲ್ಲಿ ವಾಷಿಂಗ್ಟನ್ ಮತ್ತು ಫ್ರೆಂಚ್ ಸೇನಾಪತಿ ರೋಶಾಂಬೋ ನ್ಯೂಯಾರ್ಕ್ ಕಡೆಯಿಂದ ನೂರಾರು ಕಿಲೋಮೀಟರ್ ನಡೆದುಬಂದು ಭೂಮಿಯ ಕಡೆಯಿಂದ ಮುತ್ತಿದರು. ಅಕ್ಟೋಬರ್ 9ರಿಂದ ಫಿರಂಗಿ. 14ರ ರಾತ್ರಿ ಎರಡು ಮಣ್ಣಿನ ಕೊತ್ತಲಗಳು ಬಿದ್ದವು, ಒಂದನ್ನು ಫ್ರೆಂಚರು, ಇನ್ನೊಂದನ್ನು ಅಲೆಕ್ಸಾಂಡರ್ ಹ್ಯಾಮಿಲ್ಟನ್‌ನ ಅಮೆರಿಕನ್ನರು ಹಿಡಿದರು. 16ರಂದು ಕೋಟೆಯಿಂದ ಹೊರನುಗ್ಗಿ ಕೆಲವು ಫಿರಂಗಿಗಳಿಗೆ ಮೊಳೆ ಹೊಡೆದು ಕೆಡಿಸಿಬಂದ ಬ್ರಿಟಿಷ್ ದಳದ ನಾಯಕ ರಾಬರ್ಟ್ ಅಬರ್‌ಕ್ರಾಂಬಿ. ಈ ಹೆಸರನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ.

1781ರ ಅಕ್ಟೋಬರ್ 19ರಂದು ಏಳು ಸಾವಿರಕ್ಕೂ ಹೆಚ್ಚು ಮಂದಿ ಆಯುಧ ಕೆಳಗಿಟ್ಟರು. ಕಾರ್ನ್‌ವಾಲಿಸ್ ಹುಷಾರಿಲ್ಲವೆಂದು ಹೇಳಿ ಬರಲಿಲ್ಲ, ತನ್ನ ಕೈಕೆಳಗಿನ ಓಹರಾನನ್ನು ಕಳಿಸಿದ. ವಾಷಿಂಗ್ಟನ್ ಕೂಡ ತನ್ನ ಕೈಕೆಳಗಿನವನನ್ನೇ ಮುಂದೆ ಮಾಡಿದ: ಚಾರ್ಲ್ಸ್‌ಟನ್‌ನಲ್ಲಿ ಮರ್ಯಾದೆ ಕಳೆದುಕೊಂಡಿದ್ದ ಆ ಲಿಂಕನ್‌ನನ್ನು. ಈ ಸಲ ಬಾವುಟ ಸುತ್ತಿಟ್ಟುಕೊಂಡು ಬಂದವರು ಬ್ರಿಟಿಷರು. ನ್ಯೂಯಾರ್ಕಿನಿಂದ ಅವರ ಸಹಾಯದ ಹಡಗುಗಳು ಹೊರಟದ್ದು ಅದೇ ದಿನ!

ಪಾಠ ಇಲ್ಲಿಗೆ ಮುಗಿಯುತ್ತದೆ, ಯುದ್ಧ ಮುಗಿಯಲಿಲ್ಲ. ಅದರ ಕೊನೆಯ ದೊಡ್ಡ ಕದನ ನಡೆದದ್ದು 1783ರ ಜೂನ್‌ನಲ್ಲಿ, ತಮಿಳುನಾಡಿನ ಕಡಲೂರಿನಲ್ಲಿ. ನೆಲದ ಮೇಲೆ ಮುತ್ತಿಗೆ, ಕಡಲಿನಲ್ಲಿ ಸಫ್ರೆನ್ ಎಂಬ ಫ್ರೆಂಚ್ ನೌಕಾಪತಿಗೂ ಬ್ರಿಟಿಷರ ಹ್ಯೂಸ್‌ಗೂ ಐದನೆಯ ಕಾಳಗ. ಯುರೋಪಿನಲ್ಲಿ ಸಂಧಿಯಾಗಿ ತಿಂಗಳುಗಳೇ ಕಳೆದಿದ್ದವು. ಸುದ್ದಿ ಹಡಗಿನಲ್ಲಿ ಬರಬೇಕಲ್ಲ. ಬಂದಾಗ ಫ್ರೆಂಚರು ಕೋವಿ ಕೆಳಗಿಟ್ಟರು. ಮಂಗಳೂರು ಕೋಟೆಗೆ ಮುತ್ತಿಗೆ ಹಾಕಿದ್ದ ಟಿಪ್ಪುವಿನ ಜೊತೆಗಿದ್ದ ಫ್ರೆಂಚರೂ ಯುದ್ಧದಿಂದ ಹಿಂದೆ ಸರಿದರು. ಒಂಟಿಯಾದ ಟಿಪ್ಪು ಮುತ್ತಿಗೆ ಬಿಡದೆ 1784ರ ಜನವರಿಯಲ್ಲಿ ಕೋಟೆಯನ್ನು ಪಡೆದ, ಮಾರ್ಚ್ 11ರಂದು ಮಂಗಳೂರು ಒಪ್ಪಂದವಾಯಿತು. ಸೆಪ್ಟೆಂಬರ್ 3, 1783ರ ಪ್ಯಾರಿಸ್ ಒಪ್ಪಂದದಿಂದ ಅಮೆರಿಕ ಸ್ವತಂತ್ರವಾಯಿತು. ಅದೇ ಸಂಧಿಯ ಸುದ್ದಿಯಿಂದ ಮೈಸೂರು ತನ್ನ ಜೊತೆಗಾರನನ್ನು ಕಳೆದುಕೊಂಡಿತು. ಅಲ್ಲಿ ಬೇಕಾದ ಕೆಲಸ ಮುಗಿದ ಮೇಲೆ ಫ್ರಾನ್ಸಿಗೆ ಇಲ್ಲಿಯ ಕೆಲಸ ದುಬಾರಿಯಾಗಿ ಕಂಡಿತು.

ಸೋತ ಕಾರ್ನ್‌ವಾಲಿಸ್‌ಗೆ ಇಂಗ್ಲೆಂಡಿನಲ್ಲಿ ಶಿಕ್ಷೆಯಾಗಲಿಲ್ಲ. 1786ರಲ್ಲಿ ಗವರ್ನರ್ ಜನರಲ್ ಆಗಿ ಭಾರತಕ್ಕೆ ಬಂದ. ಟಿಪ್ಪುವಿನ ಮೇಲಿನ ಯುದ್ಧದಲ್ಲಿ ಬಂಡಿ ಸುಟ್ಟು ಓಡುವ ಹಳೆಯ ಅವಸರ ಇರಲಿಲ್ಲ. ಮರಾಠರನ್ನೂ ನಿಜಾಮನನ್ನೂ ಮೊದಲು ಜೊತೆಗೆ ಕಟ್ಟಿಕೊಂಡ. ಈ ಸಲ ಒಂಟಿಯಾದದ್ದು ಎದುರಾಳಿ. 1791ರ ಮಾರ್ಚಿನಲ್ಲಿ ಬೆಂಗಳೂರು ಕೋಟೆ ಹಿಡಿದ. ಮೇ ತಿಂಗಳಲ್ಲಿ ಶ್ರೀರಂಗಪಟ್ಟಣದ ಬಾಗಿಲಿಗೆ ಹೋದರೂ ಮಳೆ, ಹಸಿವು, ಎತ್ತುಗಳ ಸಾವಿನಿಂದ ತನ್ನ ಭಾರಿ ಫಿರಂಗಿಗಳನ್ನು ತಾನೇ ಒಡೆದು ಹಿಂದಿರುಗಿದ. ಆದರೆ ಸೈನ್ಯವನ್ನು ಉಳಿಸಿಕೊಂಡು ಹಿಂದಿರುಗಿದ, ವಾಷಿಂಗ್ಟನ್ ಮಾಡುತ್ತಿದ್ದ ಹಾಗೆ. ಮುಂದಿನ ಫೆಬ್ರವರಿಯಲ್ಲಿ ಮತ್ತೆ ಬಂದ. ಪಶ್ಚಿಮದಿಂದ ಅವನನ್ನು ಕೂಡಿಕೊಳ್ಳಲು ಬಂದ ಬೊಂಬಾಯಿ ಸೈನ್ಯ 1790ರ ಡಿಸೆಂಬರಿನಲ್ಲಿ ಕಣ್ಣೂರನ್ನು ಹಿಡಿದು, ಕೊಡಗಿನ ಘಾಟಿ ಹತ್ತಿ ಹೋದ ಸೈನ್ಯ. ಅದರ ನಾಯಕ ಯಾರ್ಕ್‌ಟೌನಿನಲ್ಲಿ ಫಿರಂಗಿಗೆ ಮೊಳೆ ಹೊಡೆದ ಅದೇ ಅಬರ್‌ಕ್ರಾಂಬಿ.

1792ರ ಮಾರ್ಚಿನ ಒಪ್ಪಂದದಲ್ಲಿ ಟಿಪ್ಪು ಅರ್ಧ ರಾಜ್ಯವನ್ನೂ 3 ಕೋಟಿ 30 ಲಕ್ಷ ರೂಪಾಯಿಯನ್ನೂ ಕೊಡಬೇಕಾಯಿತು. ಮಲಬಾರ್ ಕಂಪೆನಿಯ ಪಾಲಾಯಿತು. ಕೆನರಾ ಇನ್ನೂ ಏಳು ವರ್ಷ ಮೈಸೂರಿನಲ್ಲೇ ಉಳಿದು 1799ರಲ್ಲಿ ಹೋಯಿತು. ಕಾರ್ನ್‌ವಾಲಿಸ್ 1805ರಲ್ಲಿ ಎರಡನೆಯ ಸಲ ಗವರ್ನರ್ ಜನರಲ್ ಆಗಿ ಬಂದು, ಬಂದ ಕೆಲವೇ ತಿಂಗಳುಗಳಲ್ಲಿ, ಅಕ್ಟೋಬರ್ 5ರಂದು, ಗಂಗೆಯ ದಡದ ಗಾಜಿಪುರದಲ್ಲಿ ತೀರಿಕೊಂಡ. ಸಮಾಧಿ ಅಲ್ಲೇ ಇದೆ.